ಕಣ್ಣು ಕಾಣದವರಿಗೂ ಕಥೆ ತಿಳಿಯಲಿ



ಸಾಲ, ಉಳಿತಾಯದ ಲೆಕ್ಕ ಮುಗಿಯಿತು. ಈಗ ಸ್ವಲ್ಪ ಟಿ.ವಿ. ವಿಷಯ ಮಾತಾಡೋಣ. ನಗಬೇಡಿ!

ರಾತ್ರಿ ಧಾರಾವಾಹಿ ಬರುವ ಹೊತ್ತಿಗೆ ಅತ್ತೆಯೂ ಬಂದು ಕೂರುತ್ತಾರೆ. ಸಕ್ಕರೆ ಕಾಯಿಲೆಯಿಂದಲೋ, ಕಣ್ಣಿನ ಒತ್ತಡ ಹೆಚ್ಚಾಗಿಯೋ ಅವರ ದೃಷ್ಟಿ ಹೋಗಿದೆ. ಪಾತ್ರಗಳು ಮಾತಾಡುವಷ್ಟು ಹೊತ್ತು ಅವರಿಗೂ ಕಥೆ ತಿಳಿಯುತ್ತದೆ. ಆಮೇಲೆ ಬರೀ ಸಂಗೀತ. ಸೊಸೆ ಪತ್ರ ಬಚ್ಚಿಟ್ಟಳೋ, ಬಾಗಿಲಲ್ಲಿ ಯಾರು ಬಂದು ನಿಂತರೋ? "ಏನಾಯ್ತೇ?" ಎಂದು ಕೇಳಿದರೆ, "ಸುಮ್ನಿರಿ ಅತ್ತೆ, ಆಮೇಲೆ ಹೇಳ್ತೀನಿ" ಅನ್ನುತ್ತೀರಿ. ಆಮೇಲೆ ಹೇಳುವುದು ಅಷ್ಟರಲ್ಲೇ ಇದೆ! ಮನೆಭೇಟಿಗೆ ಹೋದಾಗ ನಾವು ನೋಡಿದ್ದೇವೆ, ಸ್ವಲ್ಪ ದಿನದಲ್ಲಿ ಅವರು ಕೇಳುವುದನ್ನೇ ಬಿಡುತ್ತಾರೆ. ಬೇಗ ಹಾಸಿಗೆ ಸೇರುತ್ತಾರೆ. "ಅವರಿಗೆ ಟಿ.ವಿ. ಇಷ್ಟ ಇಲ್ಲ ಸಿಸ್ಟರ್" ಎಂದು ಮನೆಯವರು ಹೇಳುತ್ತಾರೆ.

ಇದಕ್ಕೆ ಆಡಿಯೋ ಡಿಸ್ಕ್ರಿಪ್ಷನ್ ಎಂಬ ಉಪಾಯವಿದೆ. ನಾವು ಧ್ವನಿ ವಿವರಣೆ ಅನ್ನೋಣ. ಮಾತಿನ ನಡುವಿನ ಬಿಡುವಿನಲ್ಲಿ ಇನ್ನೊಂದು ದನಿ, "ಅವಳು ಪತ್ರವನ್ನು ಸೆರಗಿನಲ್ಲಿ ಮುಚ್ಚಿಟ್ಟಳು" ಎಂದು ಚುಟುಕಾಗಿ ಹೇಳುತ್ತದೆ. ಚಿತ್ರಮಂದಿರದಲ್ಲಾದರೆ ಮೊಬೈಲಿನ ಆಪ್ ಮೂಲಕ ಇಯರ್‌ಫೋನ್‌ನಲ್ಲಿ ಕೇಳಬಹುದು, ಪಕ್ಕದವರಿಗೆ ತೊಂದರೆಯಿಲ್ಲ.

ಇದು ಯಾರೋ ಕೊಡುವ ದಾನವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮಿನಲ್ಲೇ ಇದರ ಮಾತಿದೆ. 2023ರ ಜನವರಿಯಲ್ಲಿ 'ಪಠಾಣ್' ಎಂಬ ಹಿಂದಿ ಚಿತ್ರ ಒಟಿಟಿಗೆ ಬರುವಾಗ ಈ ವಿವರಣೆ ಇರಬೇಕೆಂದು ದೆಹಲಿ ಹೈಕೋರ್ಟ್ ನಿರ್ಮಾಪಕರಿಗೆ ಹೇಳಿತು. ಕೋರ್ಟಿಗೆ ಹೋದವರಲ್ಲಿ ಕಣ್ಣು ಕಾಣದವರೂ ಕಿವಿ ಕೇಳದವರೂ ಇದ್ದರು. ಕೇಳಿದ್ದಕ್ಕೇ ಸಿಕ್ಕಿತು, ಅಲ್ವಾ? 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಚಿತ್ರಮಂದಿರಗಳ ಸಿನಿಮಾಗಳಿಗೂ ಮಾರ್ಗಸೂಚಿ ಹೊರಡಿಸಿತು. ಪೇಟೆಗೆ ಸಿನಿಮಾಕ್ಕೆ ಹೋದಾಗ ಟಿಕೆಟ್ ಕೌಂಟರಿನಲ್ಲಿ "ಈ ಸೌಲಭ್ಯ ಇದೆಯಾ?" ಎಂದು ನೀವೂ ಕೇಳಿ.

ನಿಮ್ಮ ಮನೆಯ ಟಿ.ವಿ.ಯಲ್ಲಿ ಆ ದನಿ ಬರುವ ತನಕ ನೀವೇ ಆ ದನಿ ಆಗಬಹುದು. ಮಕ್ಕಳಿಗೆ ಕಲಿಸಿದರೆ ಇನ್ನೂ ಚೆನ್ನ, ಅವರು ಚುರುಕು. ಪಾತ್ರ ಮಾತಾಡುವಾಗ ಬಾಯಿ ಹಾಕಬೇಡಿ. ಕಂಡದ್ದನ್ನಷ್ಟೇ ಹೇಳಿ. "ಅವಳು ಕೆಟ್ಟವಳು" ಎಂದರೆ ಅದು ನಿಮ್ಮ ತೀರ್ಪು. "ಅವಳು ಮುಖ ತಿರುಗಿಸಿದಳು" ಎನ್ನಿ, ಅತ್ತೆ ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಹಾಗೆಯೇ ಮುಂದಿನ ಕಥೆ ಗೊತ್ತಿದ್ದರೂ ಮೊದಲೇ ಬಿಟ್ಟುಕೊಡಬೇಡಿ. ಹೊಡೆದಾಟದ ದೃಶ್ಯ ಮಾತ್ರ ಕಷ್ಟ. ಯಾರು ಯಾರಿಗೆ ಹೊಡೆದರೆಂದು ಹೇಳುವಷ್ಟರಲ್ಲಿ ನಾಲ್ಕು ಜನ ಬಿದ್ದಿರುತ್ತಾರೆ! ಆಗ ಕೊನೆಗೆ ನಿಂತವರು ಯಾರೆಂದು ಹೇಳಿದರೆ ಸಾಕು.