ನಮ್ಮೂರಿನ ಮಾರಿಯೋ ಸ್ವಲ್ಪ ನಿಧಾನ



ಶಾಸನ, ಕೆಳದಿ ಅರಸರು, ಯಕ್ಷಗಾನ ಇಂಥ ವಿಷಯಗಳ ಮಾತು ಕೇಳಿ ಅಭ್ಯಾಸವಾದ ಸಭೆಯಲ್ಲಿ ನಾನು ಡಬ್ಬಾ ಟಿವಿಯ ಎದುರು ಕ್ಯಾಮೆರಾ ಇಟ್ಟು ವಿಡಿಯೋ ಗೇಮಿನ ಫೋಟೋ ತೆಗೆಯುವುದು ಹೇಗೆ ಎಂದು ಹೇಳಹೊರಟಿದ್ದೇನೆ. ಆಹ್ವಾನ ಪತ್ರಿಕೆ ನೋಡಿ ನಕ್ಕವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಇರಲಿ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾದದ್ದು 1923ರಲ್ಲಿ. ಕುಲುಮೆಯ ಚಿತ್ರ ಸಿಗುತ್ತದೆ, ವಿಶ್ವೇಶ್ವರಯ್ಯನವರದೂ ಸಿಗುತ್ತದೆ. ಆದರೆ ಆ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲೋ, ಎಂಪಿಎಂ ಕಾಗದದ ಕಾರ್ಖಾನೆಯ ಪೇಪರ್‌ಟೌನಿನಲ್ಲೋ, ಅಪ್ಪ ನೈಟ್ ಶಿಫ್ಟ್ ಮುಗಿಸಿ ಒಳಕೋಣೆಯಲ್ಲಿ ಮಲಗಿರುವಾಗ, ಸೌಂಡ್ ತಗ್ಗಿಸಿಕೊಂಡು ಕೂತ ಮಕ್ಕಳ ಮುಂದಿನ ಪರದೆಯಲ್ಲಿ ಏನಿತ್ತು? ಅದನ್ನು ಯಾರೂ ತೆಗೆದಿಡಲಿಲ್ಲ. ಆಗ ರೀಲಿಗೆ ದುಡ್ಡು ಬೇಕಿತ್ತು, ಮೂವತ್ತಾರು ಫೋಟೋದಲ್ಲಿ ನಾಮಕರಣವೂ ಧರ್ಮಸ್ಥಳದ ಪ್ರವಾಸವೂ ಮುಗಿಯಬೇಕಿತ್ತು.

ಗೇಮುಗಳು ಕಳೆದುಹೋಗಿಲ್ಲವಲ್ಲ, ಇಂಟರ್ನೆಟ್ಟಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನಬಹುದು. ಎಲ್ಲವೂ ಏನಿಲ್ಲ. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಗೇಮುಗಳಲ್ಲಿ ನೂರಕ್ಕೆ 87 ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು 2023ರಲ್ಲಿ ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಲೆಕ್ಕ ಕೊಟ್ಟಿತು. ನನ್ನ ತಕರಾರು ಬೇರೆ. ಫೈಲು ಉಳಿದರೂ ನಾವು ಕಂಡ ಚಿತ್ರ ಅದರೊಳಗಿಲ್ಲ.

ನಿಂಟೆಂಡೊ ಕಂಪನಿ ಜಪಾನಿನಲ್ಲಿ 1983ರಲ್ಲಿ ಫ್ಯಾಮಿಕಾಮ್ ಎಂಬ ಸೆಟ್ ತಂದಿತು. ನಮ್ಮ ಮನೆಗಳಿಗೆ ಬಂದದ್ದು ಹೆಚ್ಚಾಗಿ ಅದರ ನಕಲು, ಜೊತೆಗೆ ‘9999 ಇನ್ 1’ ಎಂದು ಲೇಬಲ್ ಹೊತ್ತ ಕ್ಯಾಸೆಟ್. ತೆರೆದು ನೋಡಿದರೆ ಅವೇ ನಾಲ್ಕಾರು ಗೇಮು ಬೇರೆ ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ಜಪಾನಿನ ಟಿವಿ ಸೆಕೆಂಡಿಗೆ ಸುಮಾರು 60 ಸಲ ಪರದೆ ತುಂಬಿಸುತ್ತಿತ್ತು. ನಮ್ಮದು ಪಾಲ್ ಪದ್ಧತಿ, 50 ಸಲ. ಆ ಕಾಲದ ಗೇಮು ಹೆಜ್ಜೆ ಎಣಿಸುವುದು ಪರದೆ ತುಂಬುವ ಲೆಕ್ಕದಲ್ಲೇ. ಹಾಗಾಗಿ ಪಾಲ್ ಟಿವಿಗೆಂದು ಮಾಡಿದ ನಕಲಿ ಸೆಟ್ಟಿನಲ್ಲಿ, ಜಪಾನಿನ ಹುಡುಗ 50 ಸೆಕೆಂಡಿನಲ್ಲಿ ಓಡಿಸುತ್ತಿದ್ದ ದಾರಿಗೆ ಭದ್ರಾವತಿಯ ಹುಡುಗನಿಗೆ ಒಂದು ನಿಮಿಷ ಬೇಕಾಗುತ್ತಿತ್ತು. ಹಾಡೂ ಅಷ್ಟೇ ನಿಧಾನ. ಇಂದಿನ ಕಂಪ್ಯೂಟರಿನಲ್ಲಿ ಮೂಲ ವೇಗದ ಮಾರಿಯೋ ಆಡಿ ‘ಇದ್ಯಾಕೋ ಅವಸರ ಮಾಡ್ತಾನಲ್ಲ’ ಎನ್ನುವವರಿದ್ದರೆ ಅವರ ನೆನಪು ಸರಿಯಾಗಿಯೇ ಇದೆ.

ಇನ್ನು ಫೋಟೋ. ಆ ಗೇಮ್ ಸೆಟ್ಟು ಟಿವಿಗೆ ಕಳಿಸುವುದು ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿಗಳ ಚಿತ್ರ. ಪಿಕ್ಚರ್ ಟ್ಯೂಬಿನ ಹಿಂದಿನಿಂದ ಎಲೆಕ್ಟ್ರಾನಿನ ಕಿರಣ ಗೆರೆಗೆರೆಯಾಗಿ ಬಂದು ಗಾಜಿನ ಒಳಮೈಯ ಫಾಸ್ಫರ್ ಬೆಳಗಿಸುತ್ತದೆ. ಗೆರೆ ಗೆರೆಯ ನಡುವೆ ಕಪ್ಪು ಉಳಿಯುತ್ತದೆ, ಬೆಳಕು ಅಂಚಿನಲ್ಲಿ ಒಂದಿಷ್ಟು ಚೆಲ್ಲುತ್ತದೆ. ಆ ಚೆಲ್ಲಾಟದಲ್ಲೇ ಮಾರಿಯೋನ ಮೀಸೆ ಮೀಸೆಯಾಗುವುದು. ಎಲ್‌ಇಡಿ ಪರದೆಯಲ್ಲಿ ಅದು ನಾಲ್ಕು ಕಂದು ಇಟ್ಟಿಗೆ.

ಮೊಬೈಲಿನಲ್ಲಿ ಸುಮ್ಮನೆ ಕ್ಲಿಕ್ಕಿಸಿದರೆ ಕಪ್ಪು ಪಟ್ಟಿ ಬರುತ್ತದೆ, ಏಕೆಂದರೆ ಶಟರ್ ತೆರೆದಿದ್ದ ಹೊತ್ತಿನಲ್ಲಿ ಕಿರಣ ಪರದೆಯ ಒಂದು ಭಾಗವನ್ನಷ್ಟೇ ಸುತ್ತಿ ಬಂದಿರುತ್ತದೆ. ಪ್ರೋ ಮೋಡಿಗೆ ಹೋಗಿ ಶಟರನ್ನು ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೋ 25ರಲ್ಲಿ ಒಂದಕ್ಕೋ ಇಡಿ. ಟ್ರೈಪಾಡ್ ಬೇಕು, ಟ್ಯೂಬ್‌ಲೈಟ್ ಆರಿಸಬೇಕು, ಫ್ಲ್ಯಾಶ್ ಕೂಡದು. ಗಾಜು ಉಬ್ಬಿರುವುದರಿಂದ ದೂರ ನಿಂತು ಝೂಮ್ ಮಾಡಿ. ಫೋಟೋದ ಮೇಲೆ ಅಲೆಅಲೆ ಗೆರೆ ಕಂಡರೆ ಕ್ಯಾಮೆರಾವನ್ನು ಗೇಣು ಹಿಂದೆ ಮುಂದೆ ಸರಿಸಿದರೆ ಹೋಗುತ್ತದೆ.

50ಕ್ಕೆ ಇಡಬೇಕೋ 25ಕ್ಕೋ? ಮಾರಿಯೋ ಆದರೆ ಸ್ಟಾರ್ಟ್ ಬಟನ್ ಒತ್ತಿ ನಿಲ್ಲಿಸಬಹುದು, ಚಿಂತೆಯಿಲ್ಲ. ಗುಂಡಿನ ಕಾಳಗದ ಕಾಂಟ್ರಾ ಗೇಮು ತೆಗೆದುಕೊಳ್ಳಿ. ಫ್ಯಾಮಿಕಾಮ್ ಯಂತ್ರ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕು ತೋರಿಸಲಾರದು. ಗುಂಡು, ಶತ್ರು, ನಾವು ಎಲ್ಲ ಒಂದೇ ಸಾಲಿಗೆ ಬಂದರೆ ಗೇಮು ಕೆಲವನ್ನು ಈ ಸಲ, ಉಳಿದವನ್ನು ಮುಂದಿನ ಸಲ ತೋರಿಸಿ ಜಾರಿಕೊಳ್ಳುತ್ತದೆ. ಕಣ್ಣಿಗೆ ಅದು ಮಿಣುಕು. 50ರ ಶಟರಿನಲ್ಲಿ ಆ ಗುಂಡುಗಳೇ ಮಾಯ! 25ರಲ್ಲಿ ಎರಡು ಸರದಿ ಸೇರಿ ಬರುತ್ತವೆ, ಓಡುವವನ ಕಾಲು ಮಾತ್ರ ಮಸುಕಾಗುತ್ತದೆ. ನಾನು ಮಸುಕು ಕಾಲಿನ ಪರ. ಆಡಿದವರು ಕಂಡದ್ದು ಗುಂಡು, ಸತ್ತದ್ದೂ ಗುಂಡಿನಿಂದಲೇ.

ಬಾತುಕೋಳಿ ಹೊಡೆಯುವ ಗೇಮಿನ ಗನ್ನು ಇನ್ನೂ ಸ್ವಾರಸ್ಯ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯೊಳಗಿನ ಬೆಳಕಿನ ಸೆನ್ಸಾರಿಗೆ ಆ ಬಿಳುಪು ಕಂಡರೆ ಹಕ್ಕಿ ಸತ್ತಿತು. ಗುಂಡು ಹಾರುವುದು ಟಿವಿಯಿಂದ ಗನ್ನಿಗೆ ಎನ್ನಿ. ಚಿತ್ರವನ್ನು ತುಸು ತಡವಾಗಿ ತೋರಿಸುವ ಎಲ್‌ಸಿಡಿಯಲ್ಲಿ ಈ ಲೆಕ್ಕ ತಪ್ಪುತ್ತದೆ, ಅದಕ್ಕೇ ಹೊಸ ಟಿವಿಗೆ ಹಳೆಯ ಗನ್ನು ಕಟ್ಟಿ ಎಷ್ಟು ಹೊಡೆದರೂ ಬಾತುಕೋಳಿ ಬೀಳದು. ಆ ಬಿಳಿ ಚೌಕದ ಫೋಟೋ ತೆಗೆಯಿರಿ. ಸಾವಿರ ಸಲ ಆಡಿದವರೂ ಅದನ್ನು ಮಿಂಚಾಗಿಯಷ್ಟೇ ಕಂಡಿರುತ್ತಾರೆ.

ಪಶ್ಚಿಮದ ಹವ್ಯಾಸಿಗಳು ಈ ಕೆಲಸಕ್ಕೆ ಟಿವಿ ಸ್ಟುಡಿಯೋಗಳ ದುಬಾರಿ ಸೋನಿ ಮಾನಿಟರ್ ಹುಡುಕುತ್ತಾರೆ. ಚಿತ್ರ ಚೊಕ್ಕಟವಾಗಿ ಬರುತ್ತದೆ, ಒಪ್ಪಿದೆ. ನಮಗೆ ಅದು ಬೇಡ. ನಮ್ಮ ಮಕ್ಕಳು ಆಡಿದ್ದು ಬಿಪಿಎಲ್, ಒನಿಡಾ, ವಿಡಿಯೋಕಾನ್ ಸೆಟ್ಟುಗಳಲ್ಲಿ, ಆಂಟೆನಾ ತೂತಿಗೆ ಸಿಕ್ಕಿಸಿದ ವೈರಿನಲ್ಲಿ, ಬಣ್ಣ ಸೋರುತ್ತಿದ್ದ ಚಿತ್ರದಲ್ಲಿ. ಮಳೆಗಾಲದ ಸಂಜೆ ವೋಲ್ಟೇಜ್ ಬಿದ್ದು ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿದರೆ ಅದನ್ನೂ ತೆಗೆಯಿರಿ. ಬ್ಲ್ಯಾಕ್ ಅಂಡ್ ವೈಟ್ ಪೋರ್ಟಬಲ್ ಸಿಕ್ಕರಂತೂ ಬಿಡಲೇಬೇಡಿ. ಮಾರಿಯೋದ ಮೋಡ, ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಕಪ್ಪು-ಬಿಳುಪಿನಲ್ಲಿ ಆ ಗುಟ್ಟು ಬಯಲಾಗುತ್ತದೆ. ಪ್ರತಿ ಫೋಟೋದ ಜೊತೆ ಟಿವಿಯ ಹೆಸರು, ಇಂಚು, ವೈರ್ ಎಲ್ಲಿಗೆ ಸಿಕ್ಕಿಸಿದ್ದು, ಕ್ಯಾಸೆಟ್ಟಿನ ಲೇಬಲ್ ಇಷ್ಟನ್ನು ಬರೆದಿಡಿ. ಫೋಟೋದಲ್ಲಿ ವೇಗ ಕಾಣದು, ಒಂದು ನಿಮಿಷದ ವಿಡಿಯೋ ಕೂಡ ಇರಲಿ.

ಸಮಯ ಹೆಚ್ಚಿಲ್ಲ. ಗುಜರಿಗೆ ಹೋದ ಟಿವಿಯಲ್ಲಿ ಬೆಲೆ ಇರುವುದು ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಕಾಯಿಲಿಗೆ. ಅದನ್ನು ಬಿಚ್ಚುವಾಗ ಕುತ್ತಿಗೆ ಮುರಿಯುತ್ತದೆ, ಸೀಸ ಬೆರೆತ ಗಾಜು ಎಲ್ಲೋ ಬೀಳುತ್ತದೆ. ಎಂಪಿಎಂ ನಿಂತ ಮೇಲೆ ಖಾಲಿಯಾದ ಮನೆಗಳಿಂದ ಎಷ್ಟು ಸೆಟ್ಟು ಹೀಗೆ ಹೋದವೋ.

ಕೊನೆಗೆ ಒಂದು ಎಚ್ಚರಿಕೆ. ನಾಳೆಯೇ ಅಟ್ಟದಿಂದ ಇಳಿಸಿ ಪ್ಲಗ್ ಹಾಕಬೇಡಿ. ಮಲೆನಾಡಿನ ತೇವ ಕುಡಿದು ವರ್ಷಗಟ್ಟಲೆ ಕೂತ ಸೆಟ್ಟು ಹೊಗೆಯಾಡಬಹುದು. ಹಿಂದಿನ ಡಬ್ಬಿಯನ್ನಂತೂ ನೀವು ಬಿಚ್ಚಲೇಬಾರದು. ಬಣ್ಣದ ಟ್ಯೂಬಿಗೆ 20 ಸಾವಿರ ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ ಹೋಗುತ್ತದೆ, ಆರಿಸಿದ ಮೇಲೂ ಒಳಗೆ ಉಳಿದಿರುತ್ತದೆ. ಹಳೆಯ ಟಿವಿ ರಿಪೇರಿಯವರು ನಿಮ್ಮ ಬೀದಿಯಲ್ಲಿ ಇನ್ನೂ ಇದ್ದರೆ ಮೊದಲು ಅವರನ್ನು ಕರೆಯಿರಿ, ಆಮೇಲೆ ನನ್ನನ್ನು. ಕ್ಯಾಮೆರಾ ನಾನು ತರುತ್ತೇನೆ.