ಟೆಂಡರಿನ ಬೆಲೆಗೊಂದು ಅಳತೆಗೋಲು



ಮೈಸೂರಿನ ಹಳೆಯ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾಗಲು, ಈಗಿನ ಅರಮನೆಯನ್ನು ಕಟ್ಟಲು ತೊಡಗಿ 1912ರಲ್ಲಿ ಮುಗಿಸಿದರು. ಅದಕ್ಕೆ ತಗುಲಿದ ವೆಚ್ಚ 41,47,913 ರೂಪಾಯಿ. ಇಂದು ಅಷ್ಟೇ ಹಣಕ್ಕೆ ನಗರದಲ್ಲಿ ಮಧ್ಯಮ ತರದ ಮನೆಯೊಂದು ಎದ್ದೀತು, ಅಷ್ಟೆ. ಕೇಳಿದವರು ಬೆರಗಾಗುತ್ತಾರೆ, ಆದರೆ ಬೆರಗಿನಿಂದ ಅಳತೆ ಸಿಕ್ಕುವುದಿಲ್ಲ. ಕಟ್ಟಡದ ಬೆಲೆ ಎಷ್ಟು ಏರಿತೆಂಬುದನ್ನು ತಿಳಿಯಲು ಸೂಚ್ಯಂಕವೆಂಬ ಅಳತೆಗೋಲು ಬೇಕು.

ಇದರ ತತ್ತ್ವವು ಸುಲಭವಾದದ್ದು. ಒಂದು ವರ್ಷವನ್ನು ಆಧಾರವೆಂದು ಗೊತ್ತುಮಾಡಿ, ಆ ವರ್ಷದ ಬೆಲೆಯನ್ನು 100 ಎಂದೆಣಿಸಿ, ಮುಂದಿನ ಬೆಲೆಗಳನ್ನು ಅದರೊಡನೆ ಹೋಲಿಸುವುದು. ಸಿಮೆಂಟು, ಉಕ್ಕು, ಕೂಲಿ ಮೊದಲಾದ ಒಂದೊಂದಕ್ಕೂ ವೆಚ್ಚದಲ್ಲಿ ಅದರ ಪಾಲಿಗೆ ತಕ್ಕ ತೂಕವನ್ನು ಕೊಡುವುದು. ಆಧಾರವರ್ಷದ ತೂಕಗಳನ್ನೇ ಮುಂದುವರಿಸುವ ಕ್ರಮವನ್ನು ಜರ್ಮನಿಯ ಲಾಸ್ಪೇರ್ಸ್ ಎಂಬ ಅರ್ಥಶಾಸ್ತ್ರಜ್ಞರು 1871ರಲ್ಲಿ ಮುಂದಿಟ್ಟರು. ಆದರೆ ಕಟ್ಟುವ ಪದಾರ್ಥಗಳೇ ಬದಲಾಗುತ್ತವೆ. ಗಾರೆಯ ಸ್ಥಾನಕ್ಕೆ ಸಿಮೆಂಟು ಬಂದಿತು; ಹೊಳೆಯ ಮರಳಿನ ಸ್ಥಾನಕ್ಕೆ ಕಲ್ಲನ್ನು ಪುಡಿಮಾಡಿದ ಎಂ-ಸ್ಯಾಂಡ್ ಬಂದಿದೆ. ಆದುದರಿಂದ ಆಧಾರವರ್ಷವನ್ನೂ ತೂಕಗಳನ್ನೂ ಆಗಾಗ್ಗೆ ನವೀಕರಿಸದಿದ್ದರೆ, ಯಾರೂ ಕೊಳ್ಳದ ಪದಾರ್ಥದ ಬೆಲೆಯನ್ನು ಅಳೆದಂತಾಗುವುದು.

ಈಗ ನಮ್ಮ ಊರಿನ ಹೆಬ್ಬಾಳಕ್ಕೆ ಬರೋಣ. ಬೆಂಗಳೂರಿನ ಹೆಬ್ಬಾಳವಲ್ಲ, ಕಾರ್ಖಾನೆಗಳೂ ಬಡಾವಣೆಗಳೂ ಇನ್ಫೋಸಿಸ್ಸಿನ ವಿಸ್ತಾರವಾದ ಆವರಣವೂ ಇರುವ ಮೈಸೂರಿನ ಹೆಬ್ಬಾಳ. ಅಲ್ಲಿ ಸರ್ಕಾರವು ಶಾಲೆಯೊಂದನ್ನು ಕಟ್ಟಿಸಿತೆಂದು ಭಾವಿಸೋಣ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಎಸ್ಟಿಮೇಟು 100 ಲಕ್ಷ ರೂಪಾಯಿ. ಒಪ್ಪಿದ ಟೆಂಡರು ಶೇಕಡ 5 ಮೇಲೆ, ಎಂದರೆ 105 ಲಕ್ಷ. ಕೆಲವು ವರ್ಷಗಳ ತರುವಾಯ ದರಪಟ್ಟಿಯು ಪರಿಷ್ಕಾರವಾಗಿ, ಅದೇ ನಕ್ಷೆಯ ಇನ್ನೊಂದು ಶಾಲೆಗೆ ಎಸ್ಟಿಮೇಟು 120 ಲಕ್ಷವಾಯಿತು. ಟೆಂಡರು ಶೇಕಡ 5 ಕೆಳಗೆ, ಎಂದರೆ 114 ಲಕ್ಷ. ಮೇಲಿದ್ದ ಟೆಂಡರು ಕೆಳಗಿಳಿಯಿತು, ಕಟ್ಟಡ ಅಗ್ಗವಾಯಿತು ಎಂದು ಸಂತೋಷಪಡುವವರುಂಟು. ವಾಸ್ತವದಲ್ಲಿ ಸೂಚ್ಯಂಕವು 100ರಿಂದ 108.6ಕ್ಕೆ ಏರಿದೆ. ಅಳೆಯುವ ಕೋಲೇ ಉದ್ದವಾದುದನ್ನು ಮರೆತರೆ ಇಂಥ ಭ್ರಾಂತಿ ತಪ್ಪದು.

ಇನ್ನೊಂದು ಭೇದವನ್ನೂ ಗಮನಿಸಬೇಕು. ಸಾಮಗ್ರಿ ಮತ್ತು ಕೂಲಿಗಳ ಸೂಚ್ಯಂಕವು ಕಂಟ್ರಾಕ್ಟುದಾರನಿಗೆ ತಗುಲುವ ವೆಚ್ಚವನ್ನು ಹೇಳುತ್ತದೆ. ಟೆಂಡರಿನ ಸೂಚ್ಯಂಕವು ಕಟ್ಟಿಸುವವನು ಒಪ್ಪಿಕೊಂಡ ಬೆಲೆಯನ್ನು ಹೇಳುತ್ತದೆ. ಇವೆರಡೂ ಒಂದೇ ಅಲ್ಲ. ಕೆಲಸ ವಿರಳವಾದಾಗ ಕಂಟ್ರಾಕ್ಟುದಾರರು ಲಾಭವನ್ನು ಬಿಟ್ಟಾದರೂ ಟೆಂಡರು ಹಾಕುವರು. ಕೆಲಸ ಹೇರಳವಾದಾಗ, ಇಲ್ಲವೆ ಬಿಲ್ಲಿನ ಹಣ ತಡವಾಗುವುದೆಂಬ ಅಂಜಿಕೆಯಿದ್ದಾಗ, ಬೆಲೆಯನ್ನು ಏರಿಸುವರು. 2020ರ ಲಾಕ್‌ಡೌನಿನಲ್ಲಿ ಕೂಲಿಕಾರರು ತಮ್ಮ ಊರುಗಳಿಗೆ ಹೊರಟುಹೋದರು. 2021ರಲ್ಲಿ ಉಕ್ಕಿನ ಬೆಲೆ ಬಹಳವಾಗಿ ಏರಿತು. ಮೊದಲೇ ಕರಾರಿಗೆ ರುಜು ಹಾಕಿದವನಿಗೆ ಬೇಕಾದದ್ದು ಮೊದಲನೆಯ ಸೂಚ್ಯಂಕ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರುಗಳಲ್ಲಿ ಬೆಲೆಯ ಏರಿಳಿತಕ್ಕೆ 10 ಸಿಸಿ ಎಂಬ ಷರತ್ತಿರುವುದು ಇದಕ್ಕಾಗಿಯೇ. ಹೊಸ ಕೆಲಸಕ್ಕೆ ಹಣ ಗೊತ್ತುಮಾಡುವವನಿಗೆ ಬೇಕಾದದ್ದು ಎರಡನೆಯದು.

ಈ ಎರಡನೆಯದನ್ನು ರಚಿಸುವುದು ಹೇಗೆ? ಇಂಗ್ಲೆಂಡಿನಲ್ಲಿ ಸರ್ವೇಯರುಗಳ ಸಂಸ್ಥೆಯವರು 1962ರಲ್ಲಿ ಕಟ್ಟಡವೆಚ್ಚದ ಮಾಹಿತಿಗಾಗಿ ಒಂದು ಸೇವೆಯನ್ನು ಸ್ಥಾಪಿಸಿದರು. ಅಲ್ಲಿ ಬೆಳೆದುಬಂದ ಕ್ರಮದಂತೆ, ಒಪ್ಪಿದ ಟೆಂಡರುಗಳನ್ನು ಕೂಡಿಹಾಕಿ, ಅವುಗಳ ಬಾಬುಗಳಿಗೆ ಆಧಾರವರ್ಷದ ದರಗಳನ್ನು ಹಚ್ಚಿ, ಎರಡು ಮೊತ್ತಗಳನ್ನೂ ಹೋಲಿಸುತ್ತಾರೆ. ಒಂದೇ ಟೆಂಡರನ್ನು ನಂಬುವಂತಿಲ್ಲ. ಅನೇಕ ಟೆಂಡರುಗಳ ಸರಾಸರಿಯೇ ಪ್ರಮಾಣ. ನಮ್ಮಲ್ಲಿ ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿ 1999ರ ಕಾಯಿದೆಯಿದೆ, ದರಪಟ್ಟಿಗಳೂ ಅಚ್ಚಾಗುತ್ತವೆ. ಇವುಗಳಿಂದ ಮೈಸೂರಿಗೆಂದೇ ಒಂದು ಸೂಚ್ಯಂಕವನ್ನು ರಚಿಸುವುದು ನಮ್ಮ ಕಾಲೇಜುಗಳ ಅರ್ಥಶಾಸ್ತ್ರ ಮತ್ತು ಇಂಜನಿಯರಿಂಗ್ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ.

ಅಂಕಿಗಳ ಈ ಮಾತು ಒಣದೆಂದು ಯಾರೂ ಎಣಿಸಬಾರದು. ಬೆಲೆಯನ್ನು ಕಡಿಮೆ ಅಳೆದರೆ ಸಿಮೆಂಟು ಕಳವಾಗುತ್ತದೆ, ಇಲ್ಲವೆ ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚು ಅಳೆದರೆ ಒಂದು ಶಾಲೆಯ ಹಣದಲ್ಲಿ ಇನ್ನೊಂದು ಶಾಲೆಯ ಪಾಲು ಕರಗುತ್ತದೆ. ಎರಡು ಬಗೆಯಲ್ಲೂ ನಷ್ಟಪಡುವವರು ಮಕ್ಕಳೇ.