ಅಜ್ಜಿಗೆ ಕಂಡದ್ದು, ಡಾಕ್ಟರಿಗೆ ಕಾಣದ್ದು
(ಲಿವರ್‌ಮೋರ್‌ನಲ್ಲಿ ನಡೆದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಾಡು, ನೃತ್ಯ, ನಾಟಕಗಳ ನಡುವೆ ಹತ್ತು ನಿಮಿಷ ಆರೋಗ್ಯದ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಕಣ್ಣಿನ ತಜ್ಞನಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿ, ಇಲ್ಲಿಗೆ ಬಂದು ರೆಸಿಡೆನ್ಸಿ ಮುಗಿಸಿ, ದೊಡ್ಡವರ ಬಿ.ಪಿ., ಸಕ್ಕರೆ ಕಾಯಿಲೆ ನೋಡಿಕೊಂಡಿರುವವನು. ಆದರೂ ಮಕ್ಕಳ ಕಣ್ಣಿನ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ಮನೆಯಲ್ಲೇ ಆದ ಒಂದು ತಪ್ಪು. ತಪ್ಪು ನನ್ನದು.

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಓಡಾಡುತ್ತಿದ್ದಳು, ಪುಸ್ತಕದ ಚಿತ್ರ ನೋಡಿ ಹೆಸರು ಹೇಳುತ್ತಿದ್ದಳು. ಮೆಳ್ಳೆಗಣ್ಣೇನೂ ಇರಲಿಲ್ಲ. ತೀರ್ಥಹಳ್ಳಿಯಿಂದ ನಮ್ಮ ತಾಯಿ ಬಂದಿದ್ದರು. ಭಾನುವಾರ ಮೊಮ್ಮಗಳಿಗೆ ಎಣ್ಣೆ ಸ್ನಾನ ಮಾಡಿಸುವಾಗ, ಸೀಗೆಪುಡಿ ಬೀಳದಿರಲಿ ಎಂದು ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚುತ್ತಿದ್ದರು. ಎಡಗಣ್ಣು ಮುಚ್ಚಿದರೆ ಹುಡುಗಿ ಸುಮ್ಮನಿರುತ್ತಿದ್ದಳು. ಬಲಗಣ್ಣು ಮುಚ್ಚಿದರೆ ಕೈ ತಳ್ಳಿ ರಂಪ ಮಾಡುತ್ತಿದ್ದಳು. ಮೂರು ಭಾನುವಾರ ನೋಡಿದ ಮೇಲೆ ಅಮ್ಮ ನನ್ನನ್ನು ಕರೆದು, "ಈ ಮಗೂಗೆ ಎಡಗಣ್ಣು ಸರಿಯಾಗಿ ಕಾಣಲ್ಲ ಕಣೋ" ಎಂದರು. ನಾನು ನಕ್ಕೆ. ಕಾಣದಿದ್ದರೆ ಓಡುತ್ತಾಳೆಯೇ ಎಂದು ಅವರಿಗೇ ಪಾಠ ಹೇಳಿದೆ. ಎರಡು ತಿಂಗಳು ಹಾಗೇ ಕಳೆಯಿತು. ಕೊನೆಗೆ ಅವರ ಕಾಟ ತಡೆಯಲಾರದೆ ಮಕ್ಕಳ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಬಲಗಣ್ಣು 20/25, ಎಡಗಣ್ಣು 20/80.

ಇದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತಾರೆ, ಬಳಕೆಯ ಮಾತಿನಲ್ಲಿ ಸೋಮಾರಿ ಕಣ್ಣು. ಆದರೆ ಸೋಮಾರಿಯಾಗುವುದು ಕಣ್ಣಲ್ಲ. ಎರಡು ಕಣ್ಣುಗಳ ಪವರ್ ಬಹಳ ಬೇರೆಯಾಗಿದ್ದರೆ, ಮಸುಕಾದ ಕಣ್ಣಿನಿಂದ ಬರುವ ಚಿತ್ರವನ್ನು ಮಿದುಳು ಕಡೆಗಣಿಸುತ್ತದೆ, ಆ ಕಣ್ಣಿನಿಂದ ನೋಡುವುದನ್ನೇ ಕಲಿಯುವುದಿಲ್ಲ. ಒಳ್ಳೆಯ ಕಣ್ಣು ಕೆಲಸ ನಡೆಸಿಕೊಂಡು ಹೋಗುವುದರಿಂದ ಮಗು ದೂರು ಹೇಳುವುದಿಲ್ಲ. ಹೇಗೆ ಹೇಳೀತು, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದು ಅದು ತಿಳಿದಿರುತ್ತದೆ. ಏಳು ವರ್ಷದೊಳಗೆ ಚಿಕಿತ್ಸೆಯ ಫಲ ಚೆನ್ನಾಗಿರುತ್ತದೆ. ಆಮೇಲೂ ಪ್ರಯತ್ನಿಸಬಹುದು, ಆದರೆ ದಾರಿ ಕಷ್ಟ. ಅದಕ್ಕೇ ಮೂರರಿಂದ ಐದು ವರ್ಷದೊಳಗೆ ಒಮ್ಮೆಯಾದರೂ ಎಲ್ಲ ಮಕ್ಕಳ ದೃಷ್ಟಿ ಪರೀಕ್ಷೆಯಾಗಬೇಕೆಂದು ಈ ದೇಶದ ರೋಗತಡೆ ಕಾರ್ಯಪಡೆ 2017ರಲ್ಲಿ ಶಿಫಾರಸು ಮಾಡಿತು.

ಚಿಕಿತ್ಸೆ ಸರಳ: ಕನ್ನಡಕ, ಜೊತೆಗೆ ಒಳ್ಳೆಯ ಕಣ್ಣಿಗೆ ಪಟ್ಟಿ. ಇಡೀ ದಿನ ಕಟ್ಟಬೇಕಿಲ್ಲ. ಮಧ್ಯಮ ತೊಂದರೆಗೆ ದಿನಕ್ಕೆ ಎರಡು ಗಂಟೆ ಕಟ್ಟಿದರೂ ಆರು ಗಂಟೆಯಷ್ಟೇ ಫಲವೆಂದು 2003ರಲ್ಲಿ ಇಲ್ಲಿಯೇ ನಡೆದ ಅಧ್ಯಯನ ತೋರಿಸಿತು. ಹೇಳುವುದಕ್ಕೆ ಎರಡು ಗಂಟೆ! ಮೊದಲ ವಾರ ಮಗಳು ಪಟ್ಟಿ ಕಿತ್ತು ಸೋಫಾದ ಕೆಳಗೆ ಅಂಟಿಸಿದಳು. ದಾರಿ ಕಂಡುಹಿಡಿದವರೂ ಅಮ್ಮನೇ. ಹೆಸರುಕಾಳು, ಉದ್ದಿನಕಾಳು ಬೆರೆಸಿ ತಟ್ಟೆಯಲ್ಲಿ ಹರಡಿ, ಬೇರೆ ಮಾಡಿಕೊಟ್ಟರೆ ಒಂದು ಕಥೆ ಎಂದು ಆಸೆ ತೋರಿಸಿದರು. ಒಂದು ವರ್ಷದ ಮೇಲೆ ಎಡಗಣ್ಣು 20/30ಕ್ಕೆ ಬಂತು. ಆ ನಕ್ಕ ಎರಡು ತಿಂಗಳು ಎರಡು ವರ್ಷವಾಗಿದ್ದರೆ ಏನಾಗುತ್ತಿತ್ತೆಂದು ನಾನು ಯೋಚಿಸುವುದುಂಟು.

ಊರಿನಿಂದ ಫೋನುಗಳು ಬಂದವು. "ಹೆಣ್ಣುಮಗುವಿಗೆ ಇಷ್ಟು ಬೇಗ ಕನ್ನಡಕವೇ? ಮುಂದೆ ಹೇಗೆ?" ಕನ್ನಡಕ್ಕೂ ಕನ್ನಡಕಕ್ಕೂ ಒಂದೇ ಅಕ್ಷರದ ಅಂತರ, ಎರಡನ್ನೂ ಬಿಡುವುದಿಲ್ಲ ಎಂದು ನನ್ನ ಹೆಂಡತಿ ಉತ್ತರ ಕೊಟ್ಟಳು.

ಇನ್ನು ಕಾಡಿಗೆ. ಈ ಮಾತಿಗೆ ಅಜ್ಜಿಯರು ಕೋಪಿಸಿಕೊಳ್ಳಬಾರದು. ಅಂಗಡಿಯಲ್ಲಿ ಸಿಗುವ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರಬಹುದು. ಕೆಲವದರಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಸೀಸದ ಅದಿರೇ ಇದ್ದದ್ದುಂಟು. ಮಗು ಕಣ್ಣುಜ್ಜುತ್ತದೆ, ಬೆರಳು ಚೀಪುತ್ತದೆ, ಸೀಸ ಹೊಟ್ಟೆ ಸೇರಿ ಮಿದುಳಿನ ಬೆಳವಣಿಗೆಗೇ ಕುತ್ತು. ಈಗಾಗಲೇ ಹಚ್ಚುತ್ತಿದ್ದರೆ ನಿಲ್ಲಿಸಿ, ಮಕ್ಕಳ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಹರಳೆಣ್ಣೆ ದೀಪದಿಂದ ಮನೆಯಲ್ಲೇ ಮಾಡಿದ ಕಪ್ಪನ್ನೂ ಕಣ್ಣಿನೊಳಗೆ ಹಚ್ಚಬೇಡಿ, ಬೆರಳಿನಿಂದ ಸೋಂಕು ತಗಲುತ್ತದೆ. ದೃಷ್ಟಿಬೊಟ್ಟು ಇಡಲೇಬೇಕೆಂದಿದ್ದರೆ ಆ ಮನೆಯ ಕಪ್ಪನ್ನು ಅಂಗಾಲಿಗೆ ಇಡಿ. ಕಾಲುಚೀಲ ಹಾಕಿದರಾಯಿತು.

ಫೋಟೋಗಳ ಬಗ್ಗೆ ಒಂದು ಮಾತು. ಫ್ಲಾಶ್ ಹಾಕಿ ತೆಗೆದ ಚಿತ್ರದಲ್ಲಿ ಒಂದು ಕಣ್ಣಿನ ಪಾಪೆ ಕೆಂಪಾಗಿದ್ದು ಇನ್ನೊಂದು ಬೆಳ್ಳಗೆ ಹೊಳೆದರೆ, ಅದೇ ವಾರ ತೋರಿಸಿ. ಎಷ್ಟೋ ಸಲ ಕ್ಯಾಮರಾದ ಕೋನದಿಂದ ಹಾಗಾಗುತ್ತದೆ. ಆದರೆ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರು ಹೀಗೆ ಮನೆಯ ಫೋಟೋದಲ್ಲೇ ಮೊದಲು ಕಾಣಿಸಿಕೊಳ್ಳುವುದುಂಟು.

ಕೊನೆಗೆ ಸಮೀಪದೃಷ್ಟಿ. ಈ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಬಲ್ಬನ್ನು ಬಹಳಷ್ಟು ಜನ ನೋಡಿರುತ್ತೀರಿ. ಹಾಗೇ ಮಂದವಾದ ಬುಡ್ಡಿ ದೀಪದಲ್ಲಿ ಓದಿದ ನಮ್ಮ ತಂದೆಗೆ ಕನ್ನಡಕ ಬಂದದ್ದು ನಲವತ್ತೈದರ ಮೇಲೆ. ನಮ್ಮ ಮಗನಿಗೆ ಎಂಟಕ್ಕೇ ಬಂತು. ವಂಶದ ಪಾಲು ಇದೆ, ಹತ್ತಿರದ ಓದಿನ ಪಾಲೂ ಇದೆ, ಆದರೆ ನಮ್ಮ ಕೈಯಲ್ಲಿರುವುದು ಹಗಲಿನ ಬೆಳಕು. ಚೀನಾದ ಗುವಾಂಗ್‌ಜೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದಲ್ಲಿ ಸಮೀಪದೃಷ್ಟಿ ಬಂದದ್ದು ಅವರಲ್ಲಿ ನೂರಕ್ಕೆ 30.4 ಮಂದಿಗೆ, ಉಳಿದವರಲ್ಲಿ 39.5. ಇದು 2015ರಲ್ಲಿ ಪ್ರಕಟವಾಯಿತು. ಕ್ಯಾರೆಟ್ ತಿನ್ನಿಸಿದರೆ ಕನ್ನಡಕ ಹೋಗುವುದಿಲ್ಲ, ಕ್ಷಮಿಸಿ. ಆದರೆ ನಂಬರು ಏರುವುದನ್ನು ನಿಧಾನಗೊಳಿಸುವ ಲೆನ್ಸು, ಹನಿಗಳು ಈಗ ಇವೆ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ.

ಶನಿವಾರ ಗಣಿತದ ಟ್ಯೂಷನ್, ಭಾನುವಾರ ಸ್ಪೆಲಿಂಗ್ ಬೀ, ಅದರ ಮೇಲೆ ನಮ್ಮದೇ ಕನ್ನಡ ಶಾಲೆ. ಮಕ್ಕಳು ಬಿಸಿಲು ಕಾಣುವುದು ಯಾವಾಗ? ಕನ್ನಡ ಶಾಲೆಯ ಅರ್ಧ ಗಂಟೆಯನ್ನಾದರೂ ಕುಂಟೆಬಿಲ್ಲೆ, ಲಗೋರಿಗೆ ಬಿಡಿ ಎಂದು ಕಾರ್ಯಕಾರಿ ಸಮಿತಿಯವರನ್ನು ಕೇಳಿಕೊಳ್ಳುತ್ತೇನೆ. ಆಡುತ್ತಾ ಎಣಿಸಿದರೂ ಒಂದು, ಎರಡು ಕನ್ನಡವೇ.

ಹಿಂದಿನ ಗೋಡೆಯ ಮೇಲೆ ಅಕ್ಷರಗಳ ಫಲಕ ಹಾಕಿದ್ದೇನೆ, ಅಕ್ಷರ ಬಾರದವರಿಗೆ ಚಿತ್ರಗಳದ್ದೂ ಇದೆ. ಒಂದೊಂದೇ ಕಣ್ಣು ಮುಚ್ಚಿ ಓದಿಸಬೇಕು, ಬೆರಳಿನಿಂದಲ್ಲ, ಅಂಗೈಯಿಂದ. ಸಂದಿಯಲ್ಲಿ ಇಣುಕುವುದರಲ್ಲಿ ನಮ್ಮ ಮಕ್ಕಳು ನಿಪುಣರು. ಇದು ಡಾಕ್ಟರ ಪರೀಕ್ಷೆಗೆ ಬದಲಿ ಅಲ್ಲ, ಯಾರನ್ನು ಬೇಗ ಕಳಿಸಬೇಕೆಂದು ತಿಳಿಯಲಿಕ್ಕೆ ಅಷ್ಟೆ. ಬಿಸಿಬೇಳೆ ಭಾತ್ ಬರಲು ಇನ್ನೂ ಅರ್ಧ ಗಂಟೆಯಿದೆಯಂತೆ. ಅಜ್ಜಿಯರೂ ಬನ್ನಿ, ಮಕ್ಕಳನ್ನೂ ಕರೆತನ್ನಿ.